ಮಿನಿ ಬಿಸಿಯಾದಾಗ: ಗೇಜ್, ಗನ್, ಪಂಪ್, ನೀಲಿ ದ್ರವ. ಯಾವುದು ನಿಜ ಹೇಳಿತು?

ನನ್ನದು 1968ರ ಮಿನಿ ಕಾರು, 998 ಸಿಸಿ. ನಿಧಾನವಾಗಿ ಓಡಿಸಿದರೆ ಯಾವ ತಕರಾರೂ ಇಲ್ಲ. ಹೆದ್ದಾರಿಯಲ್ಲಿ 90ರ ವೇಗದಲ್ಲಿ ಇಪ್ಪತ್ತು ನಿಮಿಷ ಹೋದರೆ ಮಾತ್ರ ಗೇಜಿನ ಮುಳ್ಳು ಮೆಲ್ಲಗೆ ಏರಿ ಕೊನೆಯ ‘ಎಚ್’ ಅಕ್ಷರ ಮುಟ್ಟುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದರೆ ಹಬೆ ಇಲ್ಲ, ಕುದಿಯುವ ಸದ್ದಿಲ್ಲ. ಬಿಸಿ ರಬ್ಬರಿನ ವಾಸನೆ ಅಷ್ಟೇ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಮೊದಲು ಹೊಸ ಥರ್ಮೋಸ್ಟಾಟ್ ಹಾಕಿದೆ, ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟ ಅದು. ಏನೂ ಬದಲಾಗಲಿಲ್ಲ. ಆಮೇಲೆ ರೇಡಿಯೇಟರ್ ಕ್ಯಾಪ್. ಅದೇ ಕತೆ. ಆಗ ಸಾಮಾನು ಬದಲಿಸುವುದನ್ನು ನಿಲ್ಲಿಸಿದೆ. ಪರೀಕ್ಷೆಯ ಸಾಧನಗಳನ್ನು ಒಂದಷ್ಟು ಕೊಂಡೆ, ಒಂದಷ್ಟು ಸಾಲ ತಂದೆ, ಎಲ್ಲವನ್ನೂ ಇದೇ ಗಾಡಿಯ ಇದೇ ಕಾಯಿಲೆಗೆ ಹಚ್ಚಿ ನೋಡಿದೆ.

ಸಾಧನ ಕೈಗೆತ್ತಿಕೊಳ್ಳುವ ಮೊದಲು ಒಂದು ಮಾತು. ಯಾವಾಗ ಬಿಸಿಯಾಗುತ್ತದೆ ಅನ್ನೋದೇ ಅರ್ಧ ಉತ್ತರ. ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯಾಗಿ, ಓಡುವಾಗ ತಣ್ಣಗಾದರೆ ಫ್ಯಾನು, ಬೆಲ್ಟು, ಗಾಳಿಯ ದಾರಿ ನೋಡಬೇಕು. ಓಡುವಾಗ ಬಿಸಿಯಾಗಿ ನಿಧಾನಿಸಿದಾಗ ಇಳಿದರೆ ಅನುಮಾನ ನೀರಿನ ಹರಿವಿನ ಮೇಲೆ, ಇಲ್ಲವೇ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತಿನ ಮೇಲೆ. ನನ್ನದು ಎರಡನೆಯದು.

ಮೊದಲು ಡ್ಯಾಶ್‌ಬೋರ್ಡಿನ ಗೇಜ್. ದೂರು ಕೊಟ್ಟಿದ್ದೇ ಅದು, ಆದ್ದರಿಂದ ಮೊದಲ ವಿಚಾರಣೆಯೂ ಅದರದ್ದೇ. ಈ ಕಾಲದ ಮಿನಿಯಲ್ಲಿ ಟೆಂಪರೇಚರ್ ಗೇಜಿಗೂ ಪೆಟ್ರೋಲ್ ಗೇಜಿಗೂ ಕರೆಂಟು ಬರುವುದು ಒಂದೇ ಪುಟ್ಟ ಡಬ್ಬಿಯಿಂದ. ಅದು ವೋಲ್ಟೇಜ್ ಸ್ಟೆಬಿಲೈಸರ್. ಬ್ಯಾಟರಿಯ ವೋಲ್ಟೇಜನ್ನು ಸರಾಸರಿ 10 ವೋಲ್ಟಿಗೆ ಇಳಿಸಿ ಕೊಡುವುದು ಅದರ ಕೆಲಸ. ಅದರ ಅರ್ತ್ (ಗಾಡಿಯ ಮೈಗೆ ಕೂಡುವ ಸಂಪರ್ಕ) ಕೆಟ್ಟರೆ ಪೂರ್ತಿ ವೋಲ್ಟೇಜ್ ನುಗ್ಗುತ್ತದೆ, ಎರಡೂ ಮುಳ್ಳುಗಳು ಮೇಲೇರುತ್ತವೆ. ಇದನ್ನು ಓದಿದ ಮೇಲೆ ಒಂದು ವಿಷಯ ಹೊಳೆಯಿತು. ಕೆಲವು ವಾರಗಳಿಂದ ನನ್ನ ಪೆಟ್ರೋಲ್ ಗೇಜ್ ಕೂಡ ಉದಾರವಾಗಿತ್ತು! ಅರ್ಧ ಟ್ಯಾಂಕಿಗೆ ಮುಕ್ಕಾಲು ತೋರಿಸುತ್ತಿತ್ತು. ಗಾಡಿ ಜಾಸ್ತಿ ಮೈಲೇಜ್ ಕೊಡ್ತಿದೆ ಅಂತ ನಾನು ಖುಷಿಪಟ್ಟಿದ್ದೆ.

ಡ್ಯಾಶಿನ ಹಿಂದೆ ಕೈ ತೂರಿಸಿ ಸ್ಟೆಬಿಲೈಸರ್ ಕೂತಿದ್ದ ಸ್ಕ್ರೂ ಬಿಚ್ಚಿದೆ. ಅದರ ಅಡಿಯಲ್ಲಿ ಹಸಿರು ಪುಡಿ. ಉಜ್ಜಿ ಮತ್ತೆ ಬಿಗಿ ಮಾಡಿದ ಮೇಲೆ ಪೆಟ್ರೋಲ್ ಮುಳ್ಳು ಅರ್ಧಕ್ಕೆ ಬಂದು ಕೂತಿತು. ಟೆಂಪರೇಚರ್ ಮುಳ್ಳು ಹೆದ್ದಾರಿಯಲ್ಲಿ ‘ಎಚ್’ ಮುಟ್ಟಲಿಲ್ಲ, ಬೆರಳಗಲ ಕೆಳಗೆ ನಿಂತಿತು. ಅಲ್ಲಿಗೇ ಬಿಟ್ಟುಬಿಡುವ ಆಸೆಯಾಯಿತು, ನಿಜ ಹೇಳ್ತೀನಿ. ಆದರೆ ಬೆರಳಗಲ ಕೆಳಗೆ ಅಂದರೆ ಎಷ್ಟು ಡಿಗ್ರಿ? ಈ ಗೇಜಿನಲ್ಲಿ ಅಂಕಿಯೇ ಇಲ್ಲ.

ಅದಕ್ಕೇ ಮೆಕ್ಯಾನಿಕಲ್ ಗೇಜ್ ಬಂತು. ಇದರಲ್ಲಿ ಕರೆಂಟಿನ ಮಾತೇ ಇಲ್ಲ. ಒಂದು ಲೋಹದ ಬಲ್ಬು, ಅದರಿಂದ ಹೊರಟ ಸಣ್ಣ ತಾಮ್ರದ ನಳಿಕೆ, ತುದಿಯಲ್ಲಿ ಮುಳ್ಳು. ಬಲ್ಬಿನೊಳಗಿನ ದ್ರವ ಬಿಸಿಯಾದಾಗ ಒತ್ತಡ ಏರುತ್ತದೆ, ಆ ಒತ್ತಡವೇ ಮುಳ್ಳನ್ನು ತಿರುಗಿಸುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿ, ಥರ್ಮೋಸ್ಟಾಟ್ ಗೂಡಿನ ಕೆಳಗಿರುವ, ಹಳೆ ಗೇಜಿಗೆ ಸುದ್ದಿ ಕೊಡುವ ಸೆಂಡರ್ ಬಿಚ್ಚಿ ಆ ಜಾಗದಲ್ಲಿ ಬಲ್ಬು ಕೂರಿಸಿದೆ. ನಳಿಕೆ ಮಡಚಿಕೊಂಡರೆ ಗೇಜ್ ಸತ್ತಂತೆ, ಹಾಗಾಗಿ ಅರ್ಧ ಗಂಟೆಯ ಕೆಲಸ ಎರಡು ಗಂಟೆ ಹಿಡಿಯಿತು. ಆದರೆ ಉತ್ತರ ಖಚಿತ. ಅದೇ ರಸ್ತೆ, ಅದೇ ವೇಗ: 104 ಡಿಗ್ರಿ. ಹಳೆ ಗೇಜ್ ಉತ್ಪ್ರೇಕ್ಷೆ ಮಾಡುತ್ತಿತ್ತು, ಸುಳ್ಳನ್ನೇ ಹೇಳುತ್ತಿರಲಿಲ್ಲ.

ಹಬೆ ಯಾಕೆ ಬರಲಿಲ್ಲ ಅನ್ನೋದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ನನ್ನ ಕ್ಯಾಪ್ ಮೇಲೆ 13 ಪಿಎಸ್‌ಐ ಎಂದಿದೆ. ಆ ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಯ ಆಸುಪಾಸಿನಲ್ಲಿ. 104ಕ್ಕೆ ಅದು ಒಳಗೇ ಸುಮ್ನೆ ಕೂತಿರುತ್ತದೆ. ಅವಸರದಲ್ಲಿ ಕ್ಯಾಪ್ ತಿರುಗಿಸಿದಿರೋ, ಒತ್ತಡ ಇಳಿದ ಕ್ಷಣವೇ ಕುದಿದು ಮುಖಕ್ಕೆ ಎರಚುತ್ತದೆ. ಎಂಜಿನ್ ತಣ್ಣಗಾಗುವ ತನಕ ಕ್ಯಾಪಿಗೆ ಕೈ ಹಚ್ಚಬೇಡಿ.

ಮೆಕ್ಯಾನಿಕಲ್ ಗೇಜಿನ ಮಿತಿಯೂ ಅಲ್ಲೇ ಕಾಣಿಸಿತು. ಜ್ವರ ಎಷ್ಟು ಅಂತ ಹೇಳಿತು. ಕಾಯಿಲೆ ಎಲ್ಲಿ ಅಂತ ಹೇಳಲಿಲ್ಲ.

ಎಲ್ಲಿ ಅನ್ನೋದನ್ನು ಹೇಳಿದ್ದು ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್. ಮೊದಲ ದಿನ ಅದನ್ನು ಬೈದುಕೊಂಡೆ. ಗಾಡಿ ಓಡಿಸಿ ತಂದು, ಐಡ್ಲಿಂಗಿನಲ್ಲಿ ಬಿಟ್ಟು, ಥರ್ಮೋಸ್ಟಾಟಿನ ಅಲ್ಯೂಮಿನಿಯಂ ಮುಚ್ಚಳಕ್ಕೆ ಗುರಿ ಇಟ್ಟರೆ 58 ಡಿಗ್ರಿ! ಬೆರಳು ಸೋಕಿಸಲೂ ಆಗದಷ್ಟು ಸುಡುತ್ತಿದೆ, ಇದು 58 ಅನ್ನುತ್ತಿದೆ. ತಪ್ಪು ಗನ್ನಿನದಲ್ಲ. ಹೊಳೆಯುವ ಲೋಹ ತನ್ನ ಶಾಖವನ್ನು ಕಡಿಮೆ ಹೊರಸೂಸುತ್ತದೆ, ಸುತ್ತಲಿನದನ್ನು ಪ್ರತಿಫಲಿಸುತ್ತದೆ. ಮುಚ್ಚಳದ ಮೇಲೆ ಉಗುರಗಲದ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಿಡಿದೆ. 91. ಆಮೇಲಿಂದ ಟೇಪ್ ಸುರುಳಿ ಗನ್ನಿನ ಜೊತೆಗೇ ಇರುತ್ತದೆ. ಮ್ಯಾಟ್ ಕಪ್ಪು ಬಣ್ಣ ಬಳಿದ ರೇಡಿಯೇಟರಿಗೆ, ರಬ್ಬರ್ ಹೋಸಿಗೆ ಟೇಪ್ ಬೇಡ.

ಇನ್ನೊಂದು ಸೂಕ್ಷ್ಮ. ಕೆಂಪು ಚುಕ್ಕೆ ಬಿದ್ದ ಜಾಗವನ್ನಷ್ಟೇ ಗನ್ ಅಳೆಯುವುದಿಲ್ಲ. ನನ್ನದು 12ಕ್ಕೆ 1ರ ಅನುಪಾತದ್ದು. 12 ಸೆಂಟಿಮೀಟರ್ ದೂರದಿಂದ ಹಿಡಿದರೆ 1 ಸೆಂಟಿಮೀಟರ್ ಅಗಲದ ಜಾಗ, ದೂರ ಹೋದಷ್ಟೂ ಜಾಗ ಹಿಗ್ಗುತ್ತದೆ. ಮಿನಿಯಲ್ಲಿ ಇದು ಬಹಳ ಮುಖ್ಯ. 1959ರಲ್ಲಿ ಮೊದಲು ಬಂದ ಮಿನಿಯಲ್ಲೇ ಅದರ ವಿನ್ಯಾಸಕ ಅಲೆಕ್ ಇಸಿಗೊನಿಸ್ ಎಂಜಿನನ್ನು ಅಡ್ಡಡ್ಡ ಕೂರಿಸಿದರು. ರೇಡಿಯೇಟರ್ ಮುಂದಿನ ಗ್ರಿಲ್ ಬಿಟ್ಟು ಪಕ್ಕಕ್ಕೆ, ಎಡ ಚಕ್ರದ ಕಡೆ ಹೋಯಿತು. ಫ್ಯಾನು ಅದರ ಮೂಲಕ ಗಾಳಿಯನ್ನು ಚಕ್ರದ ಗೂಡಿಗೆ ತಳ್ಳುತ್ತದೆ. ಹಾಗಾಗಿ ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ಮುಖವೇ ಸರಿಯಾಗಿ ಕಾಣುವುದಿಲ್ಲ.

ಎಡ ಮುಂಚಕ್ರ ಬಿಚ್ಚಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡಲು ಬಿಟ್ಟು ಚಕ್ರದ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಳತಗಡಿನ ಸೀಳುಗಳಿಂದ ಬಿಸಿಗಾಳಿ ನೇರ ಮುಖಕ್ಕೆ. ಸೀಳಿನ ಬಾಯಿಗೇ ಗನ್ ಹಿಡಿದು ಒಂದೊಂದನ್ನೇ ಓದಿದೆ. 84, 82, 83, 79. ಆಮೇಲೆ ಹಿಂಬದಿಯ ಸೀಳುಗಳು: 55, 47, 46. ಎರಡು ಸಲ ಮತ್ತೆ ನೋಡಿದೆ. ಅದೇ. ರೇಡಿಯೇಟರಿನ ಸುಮಾರು ಮೂರರಲ್ಲಿ ಒಂದು ಭಾಗ ತಣ್ಣಗಿತ್ತು. ಕೊಳವೆಗಳಲ್ಲಿ ಬಿಸಿನೀರೇ ಹೋಗುತ್ತಿರಲಿಲ್ಲ. ಮೇಲಿನ ಟ್ಯಾಂಕ್ 94, ಕೆಳಗಿನದು 60. ಹರಿವು ಕಮ್ಮಿಯಾದರೆ ಈ ಅಂತರ ಹಿಗ್ಗುತ್ತದೆ, ಹೋದಷ್ಟು ನೀರು ನಿಧಾನವಾಗಿ ಹೋಗಿ ಜಾಸ್ತಿ ತಣ್ಣಗಾಗುತ್ತದೆ. ಕೆಳಗಿನ ಹೋಸ್ ತಣ್ಣಗಿದೆ, ರೇಡಿಯೇಟರ್ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ನಾನು ಕೈಯಲ್ಲಿ ಮುಟ್ಟಿ ತೀರ್ಮಾನಿಸಿದ್ದೆ. ಪೂರ್ತಿ ಉಲ್ಟಾ.

ಹದಿನೈದು ನಿಮಿಷದಲ್ಲಿ ಸಿಕ್ಕ ಉತ್ತರ ಇದು. ಉಳಿದ ಪರೀಕ್ಷೆಗಳನ್ನೂ ಮಾಡಿದ್ದು ಹೋಲಿಕೆಯ ಚಪಲಕ್ಕೆ. ಒಂದು ಕಾಯಿಲೆ ಸಿಕ್ಕ ಮಾತ್ರಕ್ಕೆ ಇನ್ನೊಂದು ಇಲ್ಲ ಅಂತಲ್ಲವಲ್ಲ.

ಪ್ರೆಷರ್ ಟೆಸ್ಟರ್ ಅಂದರೆ ಗೇಜ್ ಇರುವ ಕೈಪಂಪು. ತಣ್ಣಗಿರುವಾಗ ಕ್ಯಾಪಿನ ಜಾಗಕ್ಕೆ ಕೂರಿಸಿ 13ರ ತನಕ ಒತ್ತಬೇಕು, ಅದಕ್ಕಿಂತ ಜಾಸ್ತಿ ಬೇಡ. ಹತ್ತು ನಿಮಿಷದಲ್ಲಿ 11ಕ್ಕೆ ಇಳಿಯಿತು. ಟಾರ್ಚು ಹಾಕಿ ಹುಡುಕಿದರೆ ಬೈಪಾಸ್ ಹೋಸ್. ಹೆಡ್ಡಿಗೂ ವಾಟರ್ ಪಂಪಿಗೂ ನಡುವಿನ ಹೆಬ್ಬೆರಳುದ್ದದ ಹೋಸ್ ಅದು. ಮಿನಿ ಇಟ್ಟುಕೊಂಡವರೆಲ್ಲ ಶಾಪ ಹಾಕುವ ಭಾಗ. ಕ್ಲಿಪ್ಪಿನ ಅಂಚಿನಲ್ಲಿ ಒಂದು ಹನಿ ಹುಟ್ಟಿ, ದಪ್ಪವಾಗಿ, ಬೀಳುತ್ತಿತ್ತು. ಬಿಸಿ ಎಂಜಿನ್ ಮೇಲೆ ಬಿದ್ದದ್ದು ಅಲ್ಲೇ ಆರಿಹೋಗುತ್ತಿದ್ದುದರಿಂದ ನೆಲದಲ್ಲಿ ಕಲೆಯೇ ಇರಲಿಲ್ಲ. ಗನ್ನಿನಿಂದ ಇದು ಜನ್ಮದಲ್ಲಿ ಸಿಗುತ್ತಿರಲಿಲ್ಲ. ಕೂಲೆಂಟ್ (ಎಂಜಿನ್ ತಂಪಿಸುವ ನೀರು) ಮಟ್ಟ ಕಾರಣವಿಲ್ಲದೆ ಇಳಿಯುತ್ತಿದ್ದರೆ ಮೊದಲು ಈ ಪಂಪು, ಆಮೇಲೆ ಗನ್.

ನೀಲಿ ದ್ರವದ ಬ್ಲಾಕ್ ಟೆಸ್ಟರ್ ನೋಡೋಕೆ ಚೆಂದ. ರೇಡಿಯೇಟರ್ ಬಾಯಿಯ ಮೇಲಿನ ಗಾಳಿಯನ್ನು ದ್ರವದ ಮೂಲಕ ಎಳೆದರೆ, ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಅಡಿ ಸೋರದಂತೆ ಹಾಕುವ ಪದರ) ಸೋರಿ ಹೊಗೆ ಕೂಲೆಂಟಿಗೆ ಸೇರಿದ್ದಲ್ಲಿ ನೀಲಿ ಹಳದಿಯಾಗುತ್ತದೆ. ಕೂಲೆಂಟ್ ದ್ರವಕ್ಕೆ ಬೆರೆಯದಂತೆ ಮೊದಲೇ ಮಟ್ಟ ಇಳಿಸಿಕೊಳ್ಳಬೇಕು. ನನ್ನದು ನೀಲಿಯಾಗೇ ಉಳಿಯಿತು. ಆದರೆ ಈ ಎಂಜಿನಿಗೆ ಅಷ್ಟು ಸಾಲದು. ಇಲ್ಲಿ 2 ಮತ್ತು 3ನೇ ಸಿಲಿಂಡರಿಗೆ ಎಗ್ಸಾಸ್ಟ್ ದಾರಿ ಒಂದೇ, ಹೆಡ್ಡಿನ ಅತಿ ಬಿಸಿ ಜಾಗ ಅದು. ಗ್ಯಾಸ್ಕೆಟ್ ಆ ಎರಡರ ನಡುವೆ ಸುಟ್ಟರೆ ಹೊಗೆ ಪಕ್ಕದ ಸಿಲಿಂಡರಿಗೆ ಹೋಗುತ್ತದೆ, ನೀರಿಗಲ್ಲ. ದ್ರವಕ್ಕೆ ಸುಳಿವೇ ಸಿಗುವುದಿಲ್ಲ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿಗೆ ಅದು ತಕ್ಷಣ ಸಿಗುತ್ತದೆ, ಪಕ್ಕಪಕ್ಕದ ಎರಡೂ ಕಡಿಮೆ ಬರುತ್ತವೆ. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ನೋಡಿದೆ. ನಾಲ್ಕೂ ಹತ್ತಿರ ಹತ್ತಿರ. ಎರಡರಲ್ಲಿ ಒಂದನ್ನೇ ಆರಿಸು ಅಂದರೆ ಈ ಗಾಡಿಗೆ ನಾನು ಕಂಪ್ರೆಷನ್ ಗೇಜನ್ನೇ ಹಿಡಿಯುತ್ತೇನೆ.

ಬಿಚ್ಚಿಟ್ಟಿದ್ದ ಹಳೆ ಥರ್ಮೋಸ್ಟಾಟನ್ನು ದಾರದಲ್ಲಿ ತೂಗಿ, ತಳ ಮುಟ್ಟದಂತೆ ನೀರಿನ ಪಾತ್ರೆಗೆ ಇಳಿಸಿ, ಥರ್ಮಾಮೀಟರ್ ಜೊತೆಗಿಟ್ಟು ಕಾಯಿಸಿದೆ. ಅದರ ಮೇಲೆ 82 ಅಂತ ಬರೆದಿತ್ತು, 83ಕ್ಕೆ ಬಾಯಿ ತೆರೆಯಿತು. ಏನೂ ಆಗಿರಲಿಲ್ಲ ಪಾಪ.

ಟೈಮಿಂಗ್ ಲೈಟ್ ಹಿಡಿದು ನೋಡಿದೆ, ಸರಿಯಿತ್ತು. ಎಂಜಿನ್ ಹೀರುವ ಬಲದಿಂದ ಕಿಡಿಯನ್ನು ಬೇಗ ಹಾರಿಸುವ ವ್ಯಾಕ್ಯೂಮ್ ಅಡ್ವಾನ್ಸಿಗೆ ಲೈಟಿಗಿಂತ ಬಾಯಿಯೇ ಬೇಗ. ಅದರ ಕೊಳವೆಯ ಕಾರ್ಬ್ಯುರೇಟರ್ ಕಡೆಯ ತುದಿ ಬಿಚ್ಚಿ, ಬಾಯಿಂದ ಗಾಳಿ ಎಳೆದು, ನಾಲಗೆಯಿಂದ ಮುಚ್ಚಿದರೆ ನಾಲಗೆ ಅಂಟಿ ನಿಲ್ಲಬೇಕು. ನಿಂತಿತು. ಡಯಾಫ್ರಮ್ ಹರಿದಿಲ್ಲ. ಪೆಟ್ರೋಲಿನ ರುಚಿ ಸಂಜೆವರೆಗೂ ಇತ್ತು.

ಒಂದೇ ಸಾಧನ ಕೊಳ್ಳುವವರಿಗೆ ನನ್ನ ಮತ ಗನ್ನಿಗೆ, ಟೇಪಿನ ಜೊತೆ. ಎರಡು ಕೊಳ್ಳುವುದಾದರೆ ಮೆಕ್ಯಾನಿಕಲ್ ಗೇಜೂ ಇರಲಿ, ಯಾಕೆಂದರೆ ಓಡುವ ಗಾಡಿಯಲ್ಲಿ ಗನ್ ಹಿಡಿಯೋಕಾಗಲ್ಲ, ನನ್ನ ತೊಂದರೆ ಇದ್ದದ್ದೇ ಓಡುವಾಗ. ಪ್ರೆಷರ್ ಟೆಸ್ಟರನ್ನೂ ಬ್ಲಾಕ್ ಟೆಸ್ಟರನ್ನೂ ಸಾಲ ತಂದರೆ ಸಾಕು, ವರ್ಷಕ್ಕೊಂದು ಸಲ ಬೇಕಾದೀತು.

ರೇಡಿಯೇಟರ್ ರಿಪೇರಿಯವರು ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕ್ ಎತ್ತಿದಾಗ ನಾನೂ ಪಕ್ಕದಲ್ಲೇ ಇದ್ದೆ. ಗನ್ ತಣ್ಣಗೆ ತೋರಿಸಿದ್ದ ಬದಿಯಲ್ಲೇ ಕೊಳವೆಗಳ ಬಾಯಿಗೆ ಬಿಳಿ ಗಟ್ಟಿ ಪದರ, ಅದರ ಮೇಲೆ ತುಕ್ಕಿನ ಕೆಸರು. ತೆಳು ಪಟ್ಟಿ ತೂರಿಸಿದರೆ ಕೆಲವು ಕೊಳವೆ ಬಿಟ್ಟುಕೊಟ್ಟವು, ಕೆಲವು ಇಲ್ಲ. ಕೊನೆಗೆ ಹೊಸ ಕೋರ್ (ಕೊಳವೆಗಳ ಇಡೀ ಭಾಗ) ಹಾಕಿಸಿದೆ. ಈಗ ಅದೇ ರಸ್ತೆಯಲ್ಲಿ, ಅದೇ 90ರ ವೇಗದಲ್ಲಿ ಮೆಕ್ಯಾನಿಕಲ್ ಗೇಜ್ 87ರಲ್ಲಿ ನಿಂತಿರುತ್ತದೆ. ಗನ್ ಬಾಗಿಲಿನ ದೊಡ್ಡ ಜೇಬಿನಲ್ಲಿದೆ. ಬೈಪಾಸ್ ಹೋಸ್ ಇನ್ನೂ ಬದಲಿಸಿಲ್ಲ. ಕ್ಲಿಪ್ ಬಿಗಿ ಮಾಡಿದ್ದೇನೆ, ದಿನಾ ಬೆಳಗ್ಗೆ ಬೆರಳಿನಿಂದ ಸವರಿ ನೋಡುತ್ತೇನೆ.