ಮೈ ಬಿಸಿಯಾದ ಮೇಲೇ ಬ್ಯಾಟು: ದಾವಣಗೆರೆಯ ಒಂದು ಟಿಟಿ ಹಾಲ್

ಬೆಳಗ್ಗೆ 6ಕ್ಕೆ ಬಾಗಿಲು ತೆಗೆಯುವ ಈ ಹಾಲ್‌ನಲ್ಲಿ ಟೇಬಲ್ ಇರುವುದು ಮೂರೇ. ಆದರೂ ಮಕ್ಕಳನ್ನು ಟಿಟಿಗೆ, ಅಂದರೆ ಟೇಬಲ್ ಟೆನಿಸ್‌ಗೆ, ಎಲ್ಲಿ ಸೇರಿಸೋಣ ಎಂದು ದಾವಣಗೆರೆಯಲ್ಲಿ ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳಬೇಕು. ಇಲ್ಲಿ ವಾರ್ಮಪ್ ಮುಗಿಯದೆ ಯಾರ ಕೈಗೂ ಬ್ಯಾಟು ಬರುವುದಿಲ್ಲ.

ಬಾಗಿಲಲ್ಲೇ ಒದ್ದೆ ಗೋಣಿಚೀಲ ಹಾಸಿರುತ್ತಾರೆ. ಶೂ ತಳವನ್ನು ಅದಕ್ಕೆ ನಾಲ್ಕು ಸಲ ಉಜ್ಜಿಯೇ ಒಳಗೆ ಬರಬೇಕು. ಧೂಳು ಹಿಡಿದ ತಳ ಪಕ್ಕಕ್ಕೆ ಹೆಜ್ಜೆ ಹಾಕುವಾಗ ಜಾರುತ್ತದೆ, ಜಾರಿದರೆ ತೊಡೆಸಂದು ಹಿಡಿದುಕೊಳ್ಳುತ್ತದೆ. ಚೆನ್ನಾಗಿ ಉಜ್ಜಿದ ಶೂ ನೆಲಕ್ಕೆ ಕಚ್ಚಿ ಕೀಚ್ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆಯೇ ಓಟ.

ನಾಲ್ಕು ನಿಮಿಷ ಹಗುರ ಓಟ, ಆಮೇಲೆ ಒಂದೊಂದು ನಿಮಿಷದ ಎರಡು ಸುತ್ತು ಸ್ಕಿಪ್ಪಿಂಗ್. ಹಿಮ್ಮಡಿ ನೆಲಕ್ಕೆ ತಾಗಬಾರದು, ಏಕೆಂದರೆ ಆಟದುದ್ದಕ್ಕೂ ಭಾರ ಬೀಳುವುದು ಮುಂಗಾಲಿನ ಮೇಲೆ. ನಂತರ ಕಾಲಿನ ಗಂಟು, ಸೊಂಟ, ಭುಜ, ಮಣಿಕಟ್ಟು ಒಂದೊಂದನ್ನೂ ಎರಡೂ ದಿಕ್ಕಿಗೆ ಹತ್ತತ್ತು ಸಲ ತಿರುಗಿಸುವುದು. ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಮೈ ತಿರುಗಿಸುವುದು ಎಂಟೆಂಟು ಸಲ. ಬಗ್ಗಿ ಕಾಲ್ಬೆರಳು ಮುಟ್ಟಿ ಹಾಗೇ ನಿಲ್ಲುವುದನ್ನು ಇಲ್ಲಿ ಮೊದಲಿಗೆ ಮಾಡಿಸುವುದಿಲ್ಲ. ಅದು ಸರಿಯಾದ ತೀರ್ಮಾನ. ಸ್ನಾಯುವನ್ನು ನಿಮಿಷಗಟ್ಟಲೆ ಎಳೆದು ಹಿಡಿದರೆ ಅದರ ಚುರುಕು ಸ್ವಲ್ಪ ಹೊತ್ತು ತಗ್ಗುತ್ತದೆ. ಆ ಎಳೆತವೆಲ್ಲ ಆಟ ಮುಗಿದ ಮೇಲೆ.

ಈ ಹಾಲ್‌ನ ನಿಜವಾದ ಸೊಗಸು ಚೆಂಡಿಲ್ಲದ ಶ್ಯಾಡೋ ಆಟ. ಟೇಬಲ್‌ನ ಅಗಲ 1.525 ಮೀಟರ್, ಅಷ್ಟೇ ಅಂತರದಲ್ಲಿ ನೆಲದ ಮೇಲೆ ಎರಡು ಟೇಪ್ ಅಂಟಿಸಿದ್ದಾರೆ. ಬಲಗೈ ಆಟಗಾರ ಎಡ ಟೇಪ್ ಹತ್ತಿರ ಒಂದು ಬ್ಯಾಕ್‌ಹ್ಯಾಂಡ್ (ಕೈಯ ಹಿಂಬದಿ ಮುಂದಾಗಿಸಿ ಹೊಡೆಯುವುದು), ಅಲ್ಲೇ ಇನ್ನಷ್ಟು ಎಡಕ್ಕೆ ಸರಿದು ಒಂದು ಫೋರ್‌ಹ್ಯಾಂಡ್ (ಅಂಗೈ ಮುಂದಾಗಿಸಿ ಹೊಡೆಯುವುದು), ಆಮೇಲೆ ಬಲ ಟೇಪ್‌ಗೆ ಹಾರಿ ಮತ್ತೊಂದು ಫೋರ್‌ಹ್ಯಾಂಡ್ ಬೀಸಬೇಕು. 20 ಸೆಕೆಂಡ್ ಆಟ, 40 ಸೆಕೆಂಡ್ ಬಿಡುವು, ನಾಲ್ಕು ಸುತ್ತು. ಮಕ್ಕಳು ತಪ್ಪುವುದು ಒಂದೇ ಕಡೆ: ಕಾಲು ನೆಟ್ಟು ಬರೀ ಕೈ ಬೀಸುತ್ತಾರೆ. ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸಿ ಹೊಡೆಯುವ ಟಾಪ್‌ಸ್ಪಿನ್‌ನ ಶಕ್ತಿ ಸೊಂಟ ತಿರುಗುವುದರಿಂದ ಬರಬೇಕು. ಅದು ತಿರುಗದಿದ್ದರೆ ಭಾರವೆಲ್ಲ ಭುಜಕ್ಕೆ ಬಿದ್ದು ನೋವು ಶುರುವಾಗುತ್ತದೆ. ಅಂಥವರಿಗೆ ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ಬರೀ ಸೊಂಟ ತಿರುಗಿಸುವ ಶಿಕ್ಷೆಯಲ್ಲದ ಶಿಕ್ಷೆ, ಹತ್ತು ಸಲ.

ಟೇಬಲ್‌ಗೆ ಬಂದಾಗ ಮೂಲೆಯಿಂದ ಮೂಲೆಗೆ ಫೋರ್‌ಹ್ಯಾಂಡ್ ಎರಡು ನಿಮಿಷ, ಬ್ಯಾಕ್‌ಹ್ಯಾಂಡ್ ಎರಡು ನಿಮಿಷ, ಆಮೇಲೆ ಟಾಪ್‌ಸ್ಪಿನ್, ಪುಶ್ (ಚೆಂಡು ಹಿಮ್ಮುಖ ತಿರುಗುವಂತೆ ಮೆಲ್ಲಗೆ ತಳ್ಳುವುದು), ಕೊನೆಗೆ ಸರ್ವ್. ಸ್ಮ್ಯಾಶ್ ಇಲ್ಲವೇ ಇಲ್ಲ. ಪಂದ್ಯಕ್ಕೆ ಮುಂಚೆ ಆ ಟೇಬಲ್‌ನಲ್ಲಿ ಅಭ್ಯಾಸಕ್ಕೆ ನಿಯಮ ಕೊಡುವುದು ಹೆಚ್ಚೆಂದರೆ 2 ನಿಮಿಷ. ಅದಕ್ಕೇ ಶನಿವಾರ ಸೀಟಿ ಊದಿ ಬರೀ ಆ 2 ನಿಮಿಷ ಹೇಗೆ ಬಳಸಬೇಕೆಂದು ಕಲಿಸುತ್ತಾರೆ: ಎರಡೂ ಕಡೆಯ ಹೊಡೆತಕ್ಕೆ 40 ಸೆಕೆಂಡ್‌ನಂತೆ, ಉಳಿದದ್ದು ಟಾಪ್‌ಸ್ಪಿನ್‌ಗೆ. ಮೈ ಬಿಸಿ ಮಾಡಿಕೊಳ್ಳುವ ಕೆಲಸ ಅದಕ್ಕೂ ಮುಂಚೆಯೇ ಆಗಿರಬೇಕು ಎಂಬುದು ಮಕ್ಕಳಿಗೆ ತಾನಾಗೇ ತಿಳಿಯುತ್ತದೆ.

ಕೊರತೆಯೂ ಇದೆ. ಮೂರು ಟೇಬಲ್‌ಗೆ ಹದಿನಾಲ್ಕು ಮಕ್ಕಳು. ಸರದಿಗೆ ಕಾಲು ಗಂಟೆ ಕಾದರೆ ಡಿಸೆಂಬರ್ ಚಳಿಯಲ್ಲಿ ಮೈ ಮತ್ತೆ ತಣ್ಣಗಾಗಿ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕಾಯುವವರು ಜಾಕೆಟ್ ತೆಗೆಯದೆ ಮೂರು ನಿಮಿಷಕ್ಕೊಮ್ಮೆ 30 ಸೆಕೆಂಡ್ ಸ್ಕಿಪ್ಪಿಂಗ್ ಮಾಡಿದರೆ ಸಾಕು, ಆದರೆ ಅದನ್ನು ನೋಡಿಕೊಳ್ಳುವವರಿಲ್ಲ. ಫ್ಯಾನ್ ಟೇಬಲ್ ನೆತ್ತಿಯ ಮೇಲೇ ಇದೆ, 2.7 ಗ್ರಾಂ ತೂಕದ ಚೆಂಡು ಗಾಳಿಗೆ ಅಲುಗಿ ಹೊಸಬರ ಅಂದಾಜು ತಪ್ಪಿಸುತ್ತದೆ. ಏಪ್ರಿಲ್ ಸೆಖೆಯಲ್ಲಿ ಅದನ್ನು ಆರಿಸಿ ಎನ್ನುವುದೂ ಕಷ್ಟ, ಆಗ ಓಟವನ್ನು ಎರಡು ನಿಮಿಷಕ್ಕೆ ಇಳಿಸಬಹುದು.

ಪೋಷಕರಿಗೆ ಒಂದು ಮಾತು: ಬೆಣ್ಣೆ ದೋಸೆ ತಿನ್ನಿಸಿ ನೇರ ಕರೆತರಬೇಡಿ. ಮುಂಚೆ ಒಂದು ಬಾಳೆಹಣ್ಣು ಸಾಕು, ದೋಸೆ ಆಟದ ನಂತರ. ಸ್ಕಿಪ್ಪಿಂಗ್ ಹಗ್ಗವನ್ನೂ ಮನೆಯಿಂದಲೇ ತನ್ನಿ, ಅಲ್ಲಿರುವವೆಲ್ಲ ದೊಡ್ಡವರ ಅಳತೆಯವು. ಹಗ್ಗದ ನಡುವೆ ಮಗು ಕಾಲಿಟ್ಟು ನಿಂತಾಗ ಹಿಡಿಗಳು ಕಂಕುಳವರೆಗೆ ಬಂದರೆ ಅದೇ ಸರಿಯಾದ ಉದ್ದ.