ಕಟ್ಟುವುದರಲ್ಲಿ ಜಾಣ, ಒಡೆಯುವುದರಲ್ಲಿ ಎಡವುವ ತಂತ್ರಾಂಶ

ಮೇಲ್ಮೈಯ ಮೇಲೆ ಬಿದ್ದ ಪರಮಾಣುಗಳು ಅಲೆದಾಡಿ, ಒಂದನ್ನೊಂದು ಸೇರಿ ಗುಚ್ಛಗಳಾಗುವುದನ್ನೂ ಆ ಗುಚ್ಛಗಳು ಮತ್ತೆ ಚದುರುವುದನ್ನೂ ತೋರಿಸುವ ಮಾಂಟೆ ಕಾರ್ಲೊ (ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿ ಲೆಕ್ಕ ಹಾಕುವ) ಸಿಮ್ಯುಲೇಷನ್ ತಂತ್ರಾಂಶವೊಂದನ್ನು ಮೂರು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಬೆಳವಣಿಗೆಯ ಭಾಗದಲ್ಲಿ ದೂರುವಂಥದ್ದೇನೂ ಇಲ್ಲ. 1981ರಲ್ಲಿ ಭೌತವಿಜ್ಞಾನಿಗಳಾದ ವಿಟನ್ ಮತ್ತು ಸ್ಯಾಂಡರ್ ಮುಂದಿಟ್ಟ ಮಾದರಿಯಂತೆ, ತಗುಲಿದ ಕಣ ತಗುಲಿದಲ್ಲೇ ನಿಲ್ಲಬೇಕೆಂದು ಹೇಳಿದಾಗ ಕವಲೊಡೆದ, ಹವಳದಂಥ ಆಕೃತಿ ಮೂಡಿತು. ಅದರ ಫ್ರ್ಯಾಕ್ಟಲ್ ಆಯಾಮ, ಅಂದರೆ ಆಕೃತಿ ಜಾಗವನ್ನು ಎಷ್ಟು ದಟ್ಟವಾಗಿ ತುಂಬುತ್ತದೆಂಬ ಅಳತೆ, ನಿರೀಕ್ಷೆಯಂತೆ 1.71ರ ಆಸುಪಾಸಿನಲ್ಲೇ ಇತ್ತು. ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿದೆ. ಎರಡೇ ಪರಮಾಣುಗಳ ಜೋಡಿಯೂ ಒಡೆಯದೆ ಉಳಿಯುತ್ತದೆಂದು ಇಟ್ಟುಕೊಂಡರೆ, ಅಲೆದಾಟದ ವೇಗಕ್ಕೂ ಕಣಗಳು ಬಂದು ಬೀಳುವ ವೇಗಕ್ಕೂ ಇರುವ ಅನುಪಾತವನ್ನು 1000 ಪಟ್ಟು ಹೆಚ್ಚಿಸಿದಾಗ ದ್ವೀಪಗಳ (ಮೇಲ್ಮೈಯ ಮೇಲಿನ ಗುಚ್ಛಗಳ) ಸಂಖ್ಯೆ ಹತ್ತನೆಯ ಒಂದು ಭಾಗಕ್ಕೆ ಇಳಿಯಬೇಕು, ಏಕೆಂದರೆ ಅದು ಆ ಅನುಪಾತದ ಘನಮೂಲಕ್ಕೆ ವಿಲೋಮವಾಗಿರುತ್ತದೆ. ತಂತ್ರಾಂಶ ಈ ಲೆಕ್ಕವನ್ನೂ ಹೆಚ್ಚುಕಡಿಮೆ ಸರಿಯಾಗಿಯೇ ಒಪ್ಪಿಸಿತು.

ತೊಡಕು ಇರುವುದು ಒಡೆಯುವ ಕಡೆ. ಗುಚ್ಛದಿಂದ ಕಳಚಿಕೊಳ್ಳುವ ಪರಮಾಣು ತನ್ನ ನೆರೆಯವುಗಳೊಂದಿಗಿನ ಬಂಧಗಳನ್ನೆಲ್ಲ ಕಡಿಯಬೇಕು. ಒಂದು ಬಂಧ ಕಡಿಯಲು ಬೇಕಾದ ಶಕ್ತಿ 0.25 ಎಲೆಕ್ಟ್ರಾನ್ ವೋಲ್ಟ್ ಎಂದುಕೊಂಡರೆ, 300 ಕೆಲ್ವಿನ್ ತಾಪಮಾನದಲ್ಲಿ ಪ್ರತಿ ಹೆಚ್ಚುವರಿ ಬಂಧವೂ ಕಳಚುವ ದರವನ್ನು ಸುಮಾರು 16,000 ಪಟ್ಟು ತಗ್ಗಿಸುತ್ತದೆ. ಹೀಗಿದ್ದರೂ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಅಂಚಿನ ಎಲ್ಲ ಪರಮಾಣುಗಳಿಗೂ ಒಂದೇ ದರ! ಕಣಗಳ ಸುರಿತ ನಿಲ್ಲಿಸಿದ ಮೇಲೆ ಸಣ್ಣ ದ್ವೀಪಗಳು ಕರಗಿ, ಅವುಗಳಿಂದ ಬಿಡಿಸಿಕೊಂಡ ಪರಮಾಣುಗಳನ್ನು ಸೇರಿಸಿಕೊಂಡು ದೊಡ್ಡವು ಬೆಳೆಯಬೇಕಿತ್ತು. ಆಸ್ಟ್‌ವಾಲ್ಡ್ ಪಕ್ವನ ಎಂದರೆ ಅದೇ. ನನ್ನ ಪರದೆಯಲ್ಲಿ ಮಾತ್ರ ದೊಡ್ಡದು, ಚಿಕ್ಕದು ಎನ್ನದೆ ಎಲ್ಲ ದ್ವೀಪಗಳ ಅಂಚುಗಳೂ ಹರಕಾಗಿಯೇ ಉಳಿದವು. ನಾನು ಕೊಟ್ಟ ಅಂಕಿಗಳೇ ತಪ್ಪಿರಬೇಕೆಂದು ಒಂದು ವಾರ ತಡಕಾಡಿದೆ. ಬಂಧಗಳನ್ನು ಎಣಿಸಿ ದರ ನಿರ್ಧರಿಸುವ ಆಯ್ಕೆ ಮೂರನೆಯ ಮೆನುವಿನ ಒಳಗೆ ಅಡಗಿತ್ತು, ಕೈಪಿಡಿಯಲ್ಲಿ ಅದರ ಸುಳಿವೇ ಇಲ್ಲ.

ಅದನ್ನು ಹಚ್ಚಿದ ಮೇಲೆ ಫಲಿತಾಂಶ ಸೊಗಸಾಗಿದೆ, ಆದರೆ ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ತಲೆಕೆಳಗಾಗುತ್ತದೆ. ಹತ್ತು ನಿಮಿಷದಲ್ಲಿ ಬೆಳೆದ ದ್ವೀಪಗಳು ಕರಗಲು ಇಡೀ ರಾತ್ರಿ ಬೇಕು, ಏಕೆಂದರೆ ಸಡಿಲವಾಗಿ ಅಂಟಿದ ಪರಮಾಣುಗಳು ಅಂಚಿನಲ್ಲೇ ಸಾವಿರಾರು ಸಲ ಹಿಂದೆ ಮುಂದೆ ಜಿಗಿಯುತ್ತ ಗಣಕದ ಸಮಯವನ್ನೆಲ್ಲ ತಿನ್ನುತ್ತವೆ. ನಡುವೆ ಸ್ಥಿತಿಯನ್ನು ಸೇವ್ ಮಾಡುವ ಸೌಲಭ್ಯ ಇಲ್ಲದ್ದರಿಂದ ನನ್ನ ಎರಡು ರಾತ್ರಿಗಳ ಲೆಕ್ಕ ನೀರುಪಾಲಾಯಿತು. ತರಗತಿಯಲ್ಲಿ ಬೆಳವಣಿಗೆಯನ್ನು ತೋರಿಸುವವರು ನಿಶ್ಚಿಂತೆಯಿಂದ ಬಳಸಬಹುದು. ಕರಗುವ ದರ ಅಳೆಯುವವರು ಮೊದಲು ಆ ಮೂರನೆಯ ಮೆನು ತೆರೆದು, ಪರಮಾಣುಗಳು ಕೂರುವ 100×100 ತಾಣಗಳಿಗಿಂತ ದೊಡ್ಡ ಜಾಲಕ್ಕೆ ಕೈಹಾಕದಿರುವುದು ಒಳ್ಳೆಯದು.