‘ಆನ್‌ಲೈನ್ ಕ್ಲಾಸ್ ಸ್ಪೆಷಲ್’ ಮೈಕ್ ಕೊಳ್ಳುವ ಮೊದಲು ಪಿನ್ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಆನ್‌ಲೈನಿನಲ್ಲಿ ಸಂಗೀತ, ಮದ್ದಳೆ ಕಲಿಸುವವರು ಇದ್ದರೆ ಇದನ್ನೊಮ್ಮೆ ಓದಿ. ಪೇಟೆಯಲ್ಲಿ ‘ಆನ್‌ಲೈನ್ ಕ್ಲಾಸ್ ಸ್ಪೆಷಲ್’ ಅಂತ ಕಾಲರ್ ಮೈಕ್ ಮಾರುತ್ತಾರೆ. ದುಡ್ಡು ಕೊಡುವ ಮುಂಚೆ ಅದರ ಪಿನ್ ನೋಡಿ.

ನಾನು ಯಕ್ಷಗಾನದ ಹಾಡುಗಾರಿಕೆ, ಅಂದರೆ ಭಾಗವತಿಕೆ ಕಲಿಸುತ್ತೇನೆ. ಕಲಿಯುವವರು ಹೆಚ್ಚಾಗಿ ಬೆಂಗಳೂರು, ಮುಂಬೈಯಲ್ಲಿರುವ ನಮ್ಮೂರ ಮಕ್ಕಳು. ಮಳೆಗಾಲದಲ್ಲಿ ಅಂಗಳದ ತಗಡಿನ ಮಾಡಿನ ಸದ್ದು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ ವೈರಿನ ಕಾಲರ್ ಮೈಕ್ ತಂದೆ. ಅಂಗಡಿಯವರು ನನ್ನ ಲ್ಯಾಪ್‌ಟಾಪಿಗೇ ಚುಚ್ಚಿ ತೋರಿಸಿದರು. ‘ಹಲೋ’ ಅಂದರೆ ಪರದೆ ಮೇಲೆ ಹಸಿರು ಪಟ್ಟಿ ಕುಣಿಯಿತು. ರೆಕಾರ್ಡ್ ಮಾಡಿ, ಪಿನ್ ಕಿತ್ತು, ಕೇಳಿಸಿದರು. ಚೆನ್ನಾಗಿಯೇ ಇತ್ತು.

ಮನೆಯಲ್ಲಿ ಕ್ಲಾಸ್ ಶುರು ಮಾಡಿದರೆ ಮಕ್ಕಳ ದನಿಯೇ ಇಲ್ಲ! ಬಾಯಿ ಆಡುತ್ತಿದೆ, ಕೈ ಬೀಸುತ್ತಿದ್ದಾರೆ. ಕೊನೆಗೆ ಒಬ್ಬಳು ಚಾಟಿನಲ್ಲಿ ಬರೆದಳು: ‘ಸರ್, ಬರೀ ಮಳೆ ಕೇಳ್ತಾ ಇದೆ.’

ಅಂಗಡಿಗೆ ಫೋನ್ ಮಾಡಿದರೆ ಮೊದಲು ನೆಟ್‌ವರ್ಕ್ ಸಮಸ್ಯೆ ಅಂದರು. ಆಮೇಲೆ ಆ್ಯಪ್ ಸಮಸ್ಯೆ. ಆಮೇಲೆ, ನಿಮ್ಮ ದನಿಯೇ ಜಾಸ್ತಿ ದೊಡ್ಡದು ಅಂದರು. ಭಾಗವತಿಕೆ ಮಾಡುವವನಿಗೆ ಹೇಳುವ ಮಾತಾ ಇದು?

ವಿಷಯ ಇಷ್ಟೇ. 3.5 ಎಂಎಂ ಪಿನ್ನಿನ ಮೇಲೆ ಕಪ್ಪು ಗೆರೆಗಳಿರುತ್ತವೆ. ಎರಡು ಗೆರೆ ಇದ್ದರೆ ಸಾಮಾನ್ಯವಾಗಿ ಅದು ಕ್ಯಾಮರಾಕ್ಕೆ ಹಾಕುವ ಮೈಕ್. ಫೋನಿಗೆ, ಹಾಗೆಯೇ ಕೇಳುವುದಕ್ಕೂ ಮೈಕಿಗೂ ಸೇರಿ ಒಂದೇ ತೂತಿರುವ ಲ್ಯಾಪ್‌ಟಾಪಿಗೆ ಮೂರು ಗೆರೆಯದು ಬೇಕು. ಎರಡು ಗೆರೆಯದನ್ನು ಚುಚ್ಚಿದರೆ ಲ್ಯಾಪ್‌ಟಾಪು ಅದನ್ನು ಹೆಡ್‌ಫೋನ್ ಅಂದುಕೊಳ್ಳುತ್ತದೆ. ಮಕ್ಕಳ ದನಿಯನ್ನೆಲ್ಲ ಆ ಮೈಕಿಗೆ ಕಳಿಸಿ, ನಮ್ಮ ದನಿಯನ್ನು ತನ್ನದೇ ಮೈಕಿನಲ್ಲಿ ಹಿಡಿಯುತ್ತದೆ. ಅಂಗಡಿಯಲ್ಲಿ ಕುಣಿದ ಹಸಿರು ಪಟ್ಟಿ ಲ್ಯಾಪ್‌ಟಾಪಿನ ಮೈಕಿನದ್ದು. ಪಿನ್ ಕಿತ್ತು ಕೇಳಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಾಗಿ ‘ಹಲೋ’ ಹೇಳಿ ನೋಡುವುದು ಸುಮ್ನೆ. ಮೈಕಿನ ತಲೆಯನ್ನು ಉಗುರಿನಿಂದ ತಟ್ಟಿ ರೆಕಾರ್ಡ್ ಮಾಡಿ. ಟಪ್ ಟಪ್ ಅಂತ ಜೋರಾಗಿ ಬಂದರೆ ಅದೇ ಮೈಕ್ ಕೆಲಸ ಮಾಡುತ್ತಿದೆ. ಆಮೇಲೆ ಲ್ಯಾಪ್‌ಟಾಪಿನ ಅಂಚು ತಟ್ಟಿ. ಜೋರಾಗಿ ಬಂದದ್ದು ಇದಾದರೆ ಮೋಸ ಹೋದಿರಿ.

ಮಕ್ಕಳ ದನಿ ಕೇಳಲು ಬ್ಲೂಟೂತ್ ಹಾಕಿಕೊಳ್ಳಿ ಅಂತಲೂ ಸಲಹೆ ಬಂತು. ಹಾಕಿದೆ. ನಾನು ಕ್ಲಾಸ್ ನಡೆಸುವ ಝೂಮ್ ಆ್ಯಪ್ ತಾನೇ ಬ್ಲೂಟೂತ್ ಮೈಕಿಗೆ ಹಾರಿತು. ಆ ಮೈಕ್ ಆನ್ ಆದರೆ ಎರಡೂ ಕಡೆ ದನಿ ಹಳೇ ಟೆಲಿಫೋನಿನಂತೆ ತೆಳ್ಳಗಾಗುತ್ತದೆ. ಸಂಗೀತಕ್ಕೆ ಅದು ಆಗುವುದಿಲ್ಲ. ಕೇಳುವುದಕ್ಕೆ ವೈರಿನ ಇಯರ್‌ಫೋನೇ ವಾಸಿ; ಮೈಕಿನ ಜೊತೆ ಅದನ್ನೂ ಚುಚ್ಚಲು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

‘ನಾಯ್ಸ್ ಕ್ಯಾನ್ಸಲಿಂಗ್’ ಅಂತ ಜಾಸ್ತಿ ದುಡ್ಡು ಕೇಳಿದರೂ ಎಚ್ಚರ. ಸದ್ದು ಕಳೆಯುವ ಕೆಲಸ ಝೂಮೇ ಮಾಡುತ್ತದೆ, ಅದೂ ಅತಿಯಾಗಿ. ಒಂದೇ ಸಮನೆ ಬರುವ ಶ್ರುತಿಯನ್ನು ಫ್ಯಾನಿನ ಸದ್ದು ಅಂದುಕೊಂಡು ನುಂಗಿಬಿಡುತ್ತದೆ. ಮಗು ಶ್ರುತಿ ಇಲ್ಲದೆ ಹಾಡುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆಡಿಯೋ ಸೆಟ್ಟಿಂಗಿನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆರಿಸಿ, ಕ್ಲಾಸಿನಲ್ಲಿ ಅದು ಆನ್ ಆಗಿದೆಯಾ ನೋಡಿ. ಆಗ ಮಳೆಯೂ ಒಳಗೆ ಬರುತ್ತದೆ. ಮೈಕ್ ಬಾಯಿಂದ ಒಂದು ಗೇಣಿನೊಳಗೆ ಇರಲಿ. ಇನ್ನೊಂದು ಫೋನಿನಿಂದ ಕ್ಲಾಸಿಗೆ ಸೇರಿ, ಅದನ್ನು ಬೇರೆ ಕೋಣೆಯಲ್ಲಿ ಮನೆಯವರ ಕಿವಿಗೆ ಕೊಡಿ. ಇದಕ್ಕಿಂತ ಒಳ್ಳೇ ಟೆಸ್ಟ್ ಇಲ್ಲ.

ಇನ್ನು ಬಿಲ್ಲು. ನನಗೆ ಕೊಟ್ಟದ್ದರಲ್ಲಿ ಬರೀ ‘ಮೈಕ್’ ಅಂತಿತ್ತು. ‘ಮೈಕೇ ಕೊಟ್ಟಿದ್ದೇವಲ್ಲ’ ಅಂತ ಅವರು ವಾಪಸ್ ತಗೊಳ್ಳಲಿಲ್ಲ. ನೀವು ಮಾಡೆಲ್ ಹೆಸರಿನ ಜೊತೆ ‘ಲ್ಯಾಪ್‌ಟಾಪಿಗೆ’ ಅಂತಲೂ ಬರೆಸಿಕೊಳ್ಳಿ. ಆಮೇಲೂ ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.